ಅಂಜುಬುರುಕ ಮಾಸ್ತರನ ಸೈಕಲ್ ಸವಾರಿ

ಕೆಲವರ ಬಾಳಿನಲ್ಲಿ ನಗೆ ತಾನಾಗಿ ಒದಗಿ ಬರುತ್ತದೆ. ನನ್ನ ಬಾಳಿನಲ್ಲಿ ಅದು ಯಾವಾಗಲೂ ಹೆದರಿಕೆಯ ಬೆನ್ನು ಹತ್ತಿಯೇ ಬರುವುದು. ನಾನು ಜೀವ ಕೈಯಲ್ಲಿ ಹಿಡಿದು ಓಡಿದಾಗಲೆಲ್ಲ ಯಾರೋ ಒಬ್ಬರು ಹೊಟ್ಟೆ ಹಿಡಿದುಕೊಂಡು ನಕ್ಕಿರುತ್ತಾರೆ. ಒಂದು ಪ್ರಸಂಗ ಮರೆಯುವುದರೊಳಗೆ ಇನ್ನೊಂದು ಆಗುತ್ತದೆ.

ನಾನು ಬೈಲಹೊಂಗಲ ಕಡೆಯವನು. ಕನ್ನಡ ಮಾಸ್ತರ. ಕಾಗವಾಡಕ್ಕೆ ವರ್ಗವಾಗಿ ಬಂದ ಮೇಲೆ, ಸುತ್ತಲಿನ ಕಬ್ಬಿನ ಸಕ್ಕರೆಯೆಲ್ಲ ನನ್ನ ರಕ್ತದಲ್ಲೇ ಬಂದು ಕೂತಿತು. ಡಾಕ್ಟರು ಕನ್ನಡಕದ ಮೇಲಿಂದ ನೋಡಿ ಹೇಳಿದರು: “ಸರ, ದಿನಾ ಸೈಕಲ್ ಹೊಡೀರಿ. ಬ್ಯಾಸಗಿ ಬರೋದರಾಗ ಸಕ್ಕರಿ ಇಳೀಲಿಲ್ಲಂದ್ರ ದಿನಾ ಹೊಟ್ಟಿಗೆ ಸೂಜಿ.”

ಸೂಜಿ ಎಂಬ ಮಾತು ಕೇಳಿದರೇ ನನಗೆ ಕಣ್ಣು ಕತ್ತಲೆ ಬರುತ್ತದೆ. ಶಾಲೆಯಲ್ಲಿ ಹುಡುಗರಿಗೆ ಸೂಜಿ ಚುಚ್ಚಲು ಬಂದ ದಿನ ನಾನೇ ಮೊದಲು ರಜೆ ಹಾಕಿದವನು. ಸೈಕಲ್ ಕೊಂಡು ತಂದೆ.

“ನಾಯಿಗಿ ಅಂಜ್ತೀರಿ, ಲಾರಿಗಿ ಅಂಜ್ತೀರಿ. ಸೈಕಲ್ ಹೆಂಗ ಹೊಡೀತೀರಿ?” ಅಂದಳು ಹೆಂಡತಿ.

“ಸೂಜಿಗಿ ಅಂಜಿ ಹೊಡೀತೀನಿ,” ಅಂದೆ.

ಏನೂ ಮಾಡಂಗಿಲ್ಲ

ಕುಡಚಿ ಸೇತುವೆ ದಾಟಿ ರಾಯಬಾಗದ ದಾರಿ ಹಿಡಿದಿದ್ದೆ. ಒಂದು ಸಣ್ಣ ಹಳ್ಳಿ. ರಸ್ತೆಯ ನಟ್ಟನಡುವೆ ಒಂದು ಕರಿ ನಾಯಿ ನಿಂತಿತ್ತು. ನಾನು ಇಳಿದು, ಸೈಕಲ್ಲನ್ನು ನನಗೂ ಅದಕ್ಕೂ ನಡುವೆ ಅಡ್ಡ ಇಟ್ಟುಕೊಂಡು ನಿಂತೆ. ನಾಯಿಯ ಮಾಲೀಕ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದ.

“ಬರ್ರಿ ಬರ್ರಿ. ಅದೇನೂ ಮಾಡಂಗಿಲ್ಲ.”

“ಹಲ್ಲು ತೋರ್ಸಾಕತ್ತೈತಲ್ರಿ?”

“ನಗಾಕತ್ತಿರಬೇಕ್ರಿ.”

“ಖರೇ ಹೇಳ್ರಿ, ಯಾರಿಗಾರ ಕಡದೈತೇನು?”

“ದೇವ್ರಾಣಿ ಮಾಡಿ ಹೇಳ್ತೀನಿ, ಸೈಕಲ್ಲಿನವ್ರಿಗೆ ಒಬ್ರಿಗೂ ಕಡದಿಲ್ಲ.”

ಆಣೆ ಮಾಡಿದ ಮೇಲೆ ನಂಬದಿದ್ದರೆ ಹೇಗೆ? ಪೆಡಲ್ ಮೇಲೆ ಕಾಲಿಟ್ಟೆ. ನಾಯಿ ಹಾರಿ ಬಂದು ನನ್ನ ಬೂಟಿನ ಹಿಮ್ಮಡಿಯನ್ನೇ ಕಚ್ಚಿ ಹಿಡಿಯಿತು. ನಾನು ಕಿರುಚಿದ ಸದ್ದಿಗೆ ಮರದ ಮೇಲಿನ ಕಾಗೆಗಳೆಲ್ಲ ಎದ್ದವು. ಆತ ನಿಧಾನವಾಗಿ ಲೋಟ ಕೆಳಗಿಟ್ಟು, ಬಂದು ನಾಯಿಯನ್ನು ಎಳೆದುಕೊಂಡ.

“ಕಡದಿಲ್ಲ ಅಂತ ಆಣಿ ಮಾಡಿದ್ರಲ್ರಿ!”

“ಸುಳ್ಳ್ಯಾಕ ಹೇಳ್ಲಿ ಸರ? ಇದು ಹುಟ್ಟಿದ ಮ್ಯಾಲ ಈ ದಾರ್ಯಾಗ ಸೈಕಲ್ ಹೊಡದವ್ರು ನೀವ ಮೊದಲ.”

ರಸ್ತೆ ತುಂಬ ಮೋಳಿ

ಕಬ್ಬಿನ ಹಂಗಾಮು ಶುರುವಾದರೆ ಈ ಕಡೆ ರಸ್ತೆಗಳೆಲ್ಲ ಟ್ರ್ಯಾಕ್ಟರಿನವು. ಒಂದಕ್ಕೆ ಎರಡು ಟ್ರೇಲರ್, ಮೇಲೆ ಕಿವಿ ಹರಿಯುವ ಹಾಡು. ಅವು ಬರುವ ಸದ್ದಾದರೆ ಸಾಕು, ನಾನು ಸೈಕಲ್ ಸಮೇತ ತಗ್ಗಿಗಿಳಿದು ದೇವರನ್ನು ನೆನೆಯುತ್ತ ನಿಲ್ಲುತ್ತೇನೆ.

ಒಂದು ದಿನ ಅಥಣಿ ರಸ್ತೆಯಲ್ಲಿ ಎದುರಿಗೆ ಬಂದ ರೈತನೊಬ್ಬ ಬೈಕ್ ನಿಲ್ಲಿಸಿ ಎಚ್ಚರಿಸಿದ: “ಸಾವಕಾಶ ಹೋಗ್ರಿ ಸರ. ಮುಂದ ತಿರುವಿನ್ಯಾಗ ರಸ್ತಾ ತುಂಬ ಮೋಳಿ ಬಿದ್ದಾವ.”

ನಮ್ಮ ಕಡೆ ಮೊಳಿ ಅಂದರೆ ಮೊಳೆ, ಗೋಡೆಗೆ ಬಡಿಯುವುದು. ನನ್ನ ಸೈಕಲ್ಲಿನದೋ ಬೆರಳು ದಪ್ಪದ ಟೈರು. ಅಲ್ಲಿ ಪಂಕ್ಚರ್ ಆದರೆ ಹಿಂದಿನಿಂದ ಬರುವ ಟ್ರ್ಯಾಕ್ಟರ್ ನನ್ನನ್ನು ಹಪ್ಪಳ ಮಾಡುವುದು ಖಂಡಿತ. ಸೈಕಲ್ಲನ್ನು ಹೆಗಲ ಮೇಲೆ ಹೊತ್ತೆ. ಒಂದೊಂದು ಹೆಜ್ಜೆಗೂ ನೆಲವನ್ನೇ ದಿಟ್ಟಿಸುತ್ತ, ಬೂಟಿಗೆ ಚುಚ್ಚದಂತೆ ತುದಿಗಾಲಲ್ಲಿ ನಡೆದೆ. ಒಂದೂ ಮೊಳೆ ಕಾಣಲಿಲ್ಲ. ನೆಲ ನೋಡುತ್ತಲೇ ತಿರುವು ದಾಟಿದವನು ಧಡಕ್ಕನೆ ಏನಕ್ಕೋ ತಲೆ ಹಾಯಿಸಿ ಬಿದ್ದೆ.

ಟ್ರೇಲರಿನಿಂದ ಉರುಳಿದ್ದ ಕಬ್ಬಿನ ಹೊರೆಗಳ ರಾಶಿ. ಈ ಗಡಿಯ ಮಂದಿ ಮರಾಠಿಯಿಂದ ತಂದುಕೊಂಡು ಹೊರೆಗೆ ಮೋಳಿ ಅನ್ನುತ್ತಾರೆಂದು ನನಗೆ ತಿಳಿದದ್ದು ಆಗಲೇ. ನಾನು ಕೆಳಗೆ, ಸೈಕಲ್ ಮೇಲೆ. ರಾಶಿಯ ಮೇಲೆ ಕೂತು ಕಬ್ಬು ಸಿಗಿಯುತ್ತಿದ್ದ ಡ್ರೈವರ್ ಬಗ್ಗಿ ನೋಡಿ ಕೇಳಿದ:

“ಸರ, ಸೈಕಲ್ ನಿಮ್ಮನ್ನ ಹೊರಬೇಕೋ, ನೀವು ಸೈಕಲ್ ಹೊರಬೇಕೋ?”

ಢಂ

ಇದು ಚಿಕ್ಕದು. ಅಥಣಿ ಹತ್ತಿರ ದ್ರಾಕ್ಷಿ ತೋಟದ ಪಕ್ಕ ತಣ್ಣಗೆ ಹೋಗುತ್ತಿದ್ದೆ. ಒಮ್ಮೆಲೇ ಢಂ! ಗುಂಡು ಹೊಡೆದರೆಂದೇ ತಿಳಿದು ಸೈಕಲ್ ಬಿಟ್ಟು ಬೋರಲು ಬಿದ್ದೆ. ಸತ್ತಿದ್ದೇನೋ ಇಲ್ಲವೋ ಎಂದು ಸ್ವಲ್ಪ ಹೊತ್ತು ಹಾಗೇ ಕಾದೆ. ತೋಟದ ಕಾವಲುಗಾರ ಓಡಿ ಬಂದ.

“ಅಂಜಬ್ಯಾಡ್ರಿ, ಹಕ್ಕಿ ಓಡಿಸಾಕ ಪಟಾಕಿ ಹಾರ್ಸಿದ್ನಿ.”

“ಹಕ್ಕಿ ಓಡಿದವೇನಪಾ?” ಮಣ್ಣು ಉಗುಳುತ್ತ ಕೇಳಿದೆ.

“ಎಲ್ಲೀದ್ರಿ! ಅವಕ್ಕ ರೂಢಿ ಆಗೇತಿ. ಇಲ್ಲೀತನಕ ಬಿದ್ದವ್ರು ನೀವೊಬ್ರ.”

ಬಾಘ್

ಕಬ್ಬಿನಲ್ಲಿ ಚಿರತೆ ಬಂದಿದೆ ಎಂಬ ಸುದ್ದಿ ಆ ಚಳಿಗಾಲದಲ್ಲಿ ಎಲ್ಲರ ಫೋನಿನಲ್ಲೂ ಓಡಾಡುತ್ತಿತ್ತು. “ಆ ವಿಡಿಯೋ ನಮ್ಮ ಕಡೇದಲ್ರಿ,” ಎಂದು ಹೆಡ್ ಮಾಸ್ತರರು ಧೈರ್ಯ ಹೇಳಿದರು. ತಲೆ ನಂಬಿತು, ಕಾಲುಗಳು ನಂಬಲಿಲ್ಲ. ಆದರೆ ಡಾಕ್ಟರ ಗಡುವು ಹತ್ತಿರವಾಗುತ್ತಿತ್ತು. ಸೂಜಿ ನೆನೆದು ಹೊರಟೆ.

ಶಿರಗುಪ್ಪಿ ದಾಟಿದ ಮೇಲೆ ಎರಡೂ ಕಡೆ ಆಳೆತ್ತರದ ಕಬ್ಬು. ಮನುಷ್ಯರ ಸುಳಿವಿಲ್ಲ. ಸರಿಯಾಗಿ ಅಲ್ಲೇ ಚೈನು ಕಳಚಿತು. ಹೊಲದ ಮುಳ್ಳುತಂತಿಯ ಬೇಲಿಗೆ ಬೆನ್ನು ಮಾಡಿ ಕುಕ್ಕರಗಾಲಲ್ಲಿ ಕೂತು ಚೈನು ಏರಿಸಿದೆ. ಅಷ್ಟರಲ್ಲಿ ಹಿಂದೆ ಕಬ್ಬಿನಲ್ಲಿ ಸರಸರ ಸದ್ದು. ಒಳಗಿಂದ ಹೆಣ್ಣುಮಗಳೊಬ್ಬಳ ಕೂಗು: “ಬಘಾ! ಅಹೋ, ಬಘಾ, ಬಘಾ!”

ನನಗೆ ಮರಾಠಿ ಬಾರದು. ಶಾಲೆಯಲ್ಲಿ ಕಲಿತ ಹಿಂದಿ ಇತ್ತು. ಬಾಘ್ ಅಂದರೆ ಹುಲಿ! ಚಂಗನೆ ಸೈಕಲ್ ಮೇಲೆ ಹಾರಿದೆ. ಹಿಂದೆ ಪರ್ರ್ ಅಂತ ಸದ್ದಾಯಿತು, ಸೊಂಟದ ಕೆಳಗೆ ತಣ್ಣಗಾಯಿತು. ಪಂಜಾ ಬಿತ್ತು! ತಿರುಗಿ ನೋಡುವ ಧೈರ್ಯ ಯಾರಿಗಿದೆ? ಹೆಂಡತಿಗೆ ಕೊನೆಯ ಮಾತು ಏನು ಹೇಳಿ ಬಂದೆ ಎಂದು ನೆನೆದೆ: ಉಪ್ಪಿಟ್ಟಿಗೆ ಉಪ್ಪು ಕಡಿಮೆ ಎಂದಿದ್ದೆ. ಅಷ್ಟು ಜೋರಾಗಿ ನಾನು ಹಿಂದೆಂದೂ ಪೆಡಲ್ ತುಳಿದಿಲ್ಲ.

ಮುಂದೊಂದು ಹಳ್ಳಿ ಬಂತು. ಅಂಗಳದಲ್ಲಿ ಮಕ್ಕಳು ಆಡುತ್ತಿದ್ದವು. ನಾನು ಸತ್ತರೂ ಸರಿ, ಮಕ್ಕಳು ಉಳಿಯಲಿ ಅನ್ನಿಸಿತು. ಈ ಗಡಿ ಹಳ್ಳಿಯ ಮರಾಠಿ ಮಂದಿಗೆ ಹಿಂದಿ ತಿಳಿದೀತೆಂದು ಗಂಟಲು ಹರಿಯುವಂತೆ ಕೂಗಿದೆ: “ಬಾಘ್! ಬಾಘ್! ಬಾಘ್!”

ಬಾಗಿಲುಗಳು ಧಡಧಡ ಮುಚ್ಚುವವೆಂದುಕೊಂಡಿದ್ದೆ. ಮುಚ್ಚಿದ್ದ ಬಾಗಿಲುಗಳೂ ತೆರೆದವು. ರೊಟ್ಟಿ ಬಡಿಯುವವರು ಹಿಟ್ಟಿನ ಕೈಯಲ್ಲೇ ಬಂದರು. ರುಮಾಲಿನ ಅಜ್ಜ ಬಂದ. ಕೂಸು ಎತ್ತಿಕೊಂಡವರು ಬಂದರು. ನಾನು ಕೂಗಿದಷ್ಟೂ ಮಂದಿ ಹೆಚ್ಚಾದರು. ಓಡಿಹೋಗಬೇಕಾದವರು ಸುತ್ತುಗಟ್ಟಿ ನಿಂತರಲ್ಲ! ಇವರಿಗೆ ಗಾಯ ತೋರಿಸದೆ ನಂಬಿಕೆ ಬಾರದೆಂದು ಇಳಿದು, ಅವರಿಗೆ ಬೆನ್ನು ಮಾಡಿ ಬಗ್ಗಿ, ಪಂಜಾ ಬಿದ್ದ ಜಾಗಕ್ಕೆ ಬೆರಳು ಮಾಡಿ ಕೂಗಿದೆ: “ಬಾಘ್! ಬಾಘ್!”

ಅಜ್ಜಿಯೊಬ್ಬಳು ಮೊಮ್ಮಗಳ ಕಣ್ಣು ಮುಚ್ಚಿದಳು. ತನ್ನವನ್ನು ಮುಚ್ಚಿಕೊಳ್ಳಲಿಲ್ಲ.

ಅಷ್ಟರಲ್ಲಿ ಕುಡುಗೋಲು ಹಿಡಿದ ಹೆಣ್ಣುಮಗಳೊಬ್ಬಳು ಯಾರದೋ ಬೈಕಿನ ಹಿಂದೆ ಕೂತು ಬಂದಿಳಿದಳು. ಅವಳ ಕೈಯಲ್ಲಿ ಕರಿ ಬಟ್ಟೆಯ ಒಂದು ತುಂಡು.

“ಅಯ್ಯ ನಿಮ್ಮ! ಹುಲ್ಲು ಕೊಯ್ಯಾಕತ್ತಿದ್ನಿ. ನಿಮ್ಮ ಚಡ್ಡಿ ತಂತಿಗಿ ಸಿಕ್ಕೈತಿ, ಬಘಾ ಬಘಾ ಅಂತ ಬಾಯಿ ಬಡ್ಕೊಂಡ್ನಿ. ಮರಾಠ್ಯಾಗ ಬಘಾ ಅಂದ್ರ ನೋಡ್ರಿ ಅಂತ! ನೋಡಲಾರ್ದ ಓಡೇಬಿಟ್ರಲ್ಲ!”

ಹುಲಿ ಬಂತೆಂದು ನಾನು ಕೂಗಿದ್ದು ಊರಿಗೆ ಏನೆಂದು ಕೇಳಿಸಿತೆಂಬುದು ಆಗ ನಿಧಾನವಾಗಿ ತಲೆಗೆ ಹೊಕ್ಕಿತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಊರೆಲ್ಲ ಬಿದ್ದು ಬಿದ್ದು ನಗುತ್ತಿತ್ತು. ರುಮಾಲಿನ ಅಜ್ಜ ಹೆಗಲ ಟವೆಲ್ ತೆಗೆದು ಕೊಟ್ಟ. ಸುತ್ತಿಕೊಂಡು ಅಳುವ ದನಿಯಲ್ಲಿ ಹೇಳಿದೆ:

“ಸಾಕಾತಜ್ಜಾ. ನಾಳಿಂದ ಈ ಸೈಕಲ್ ಬ್ಯಾಡ, ಈ ರಸ್ತಾ ಬ್ಯಾಡ. ದಿನಾ ಸೂಜಿನ ಚುಚ್ಚಿಸ್ಕೊಂತೀನಿ.”

ಅಜ್ಜ ನನ್ನ ಕೈ ಹಿಡಿದುಕೊಂಡ.

“ಹಂಗನಬ್ಯಾಡ್ರಿ ಸರ. ನಾಳಿ ಬರಾಕ ಬೇಕು. ಅರ್ಧಾ ಊರು ಕಬ್ಬು ಕಡ್ಯಾಕ ಹೋಗೇತಿ, ಅವ್ರಿನ್ನೂ ನೋಡಿಲ್ಲ.”