ಏಳನೇ ಮರದ ಚಪ್ಪಲಿ ಪುರಾಣ

ಈ ಮೂಲಕ ಸಕಲರಿಗೂ ತಿಳಿಸುವುದೇನೆಂದರೆ, ನಮ್ಮ ಪುರಾತನ ದೇವಸ್ಥಾನದ ಅಂಗಳದಲ್ಲಿ ಏಳು ಮರಗಳಿದ್ದು, ಅವುಗಳ ಪೈಕಿ ಆರು ಮಾತ್ರ ಪವಿತ್ರವಾಗಿದ್ದವು. ಒಂದರ ಪೊಟರೆಯಲ್ಲಿ ದೇವರು ರಾಕ್ಷಸನಿಗೆ ಹೆದರಿ ಅಡಗಿದ್ದರು. ಇನ್ನೊಂದಕ್ಕೆ ಬೆನ್ನು ಉಜ್ಜಿ ಒಬ್ಬ ರಾಜ ತುರಿಕೆ ವಾಸಿ ಮಾಡಿಕೊಂಡಿದ್ದ. ಹೀಗೆ ಪ್ರತಿ ಮರಕ್ಕೂ ಒಂದು ಪುರಾಣ, ಒಂದು ತಗಡಿನ ಬೋರ್ಡು. ಹಿಂಬಾಗಿಲ ಪಕ್ಕದ ಏಳನೆಯದು ನೆರಳು ಕೊಡುವುದು ಬಿಟ್ಟು ಬೇರೇನೂ ಸಾಧಿಸಿರಲಿಲ್ಲ. ಆ ನೆರಳಲ್ಲಿ ನಮ್ಮ ದೊಡ್ಡಮ್ಮ ಇಪ್ಪತ್ತು ವರ್ಷದಿಂದ ಭಕ್ತರ ಚಪ್ಪಲಿ ಕಾಯುತ್ತಿದ್ದಳು. ಚಪ್ಪಲಿ ಬಿಟ್ಟವರಿಗೆ ನಂಬರಿನ ಬಿಲ್ಲೆ, ಬಿಲ್ಲೆ ಕೊಟ್ಟವರಿಗೆ ಚಪ್ಪಲಿ.

ಹೊಸ ಅಧಿಕಾರಿಗಳು ಬಂದ ವಾರವೇ ಪ್ರಕಟಣೆ ಅಂಟಿಸಿದರು: “ಪುರಾಣವಿಲ್ಲದ ಮರವನ್ನು ಕಡಿದು ಸದರಿ ಜಾಗದಲ್ಲಿ ಕಾರು ನಿಲ್ಲಿಸತಕ್ಕದ್ದು. ಆಕ್ಷೇಪಣೆ ಇದ್ದಲ್ಲಿ ಮರವು ಏಳು ದಿನದೊಳಗೆ ತನ್ನ ಪುರಾಣವನ್ನು ಸಲ್ಲಿಸತಕ್ಕದ್ದು.”

“ಮರಕ್ಕೆ ಬರೆಯೋಕೆ ಬರಲ್ಲ ಸಾರ್,” ಅಂದೆ.

“ಪ್ರತಿನಿಧಿ ಬರೆಯಬಹುದು. ಮೂರು ಪ್ರತಿ.”

ದೊಡ್ಡಮ್ಮ ನನ್ನ ಕೈಗೆ ಪೆನ್ನು ಕೊಟ್ಟಳು. “ಬಿಸಿಲಲ್ಲಿ ಕೂತ್ರೆ ನನಗೆ ತಲೆ ಸುತ್ತುತ್ತೆ ಕಣೋ. ಏನಾದ್ರೂ ಬರಿ. ಸುಳ್ಳು ಹೇಳೋದ್ರಲ್ಲಿ ನಿನ್ನಂಥೋನು ನಮ್ಮನೇಲಿ ಇನ್ನೊಬ್ಬನಿಲ್ಲ.”

ಆಕೆ ನನ್ನನ್ನು ಹೊಗಳಿದ್ದು ಅದೇ ಮೊದಲು. ನನ್ನ ಕಾಗುಣಿತ ಸರಿಯಿಲ್ಲ, ಆದರೆ ಪುರಾಣಕ್ಕೆ ಅದು ಬೇಕಾಗುವುದೂ ಇಲ್ಲ. ಬರೆದೆ: ‘ಹಿಂದೆ ಒಬ್ಬರು ಋಷಿಗಳು ಈ ಮರದಡಿ ಪಾದರಕ್ಷೆ ಬಿಟ್ಟು, ನೋಡ್ಕೊಂಡಿರು, ಈಗ ಬಂದೆ ಎಂದು ಒಳಗೆ ಹೋದರು. ಇನ್ನೂ ಬಂದಿಲ್ಲ. ಮರ ನೋಡಿಕೊಂಡೇ ಇದೆ.’

ಅಧಿಕಾರಿಗಳು ಎರಡು ಸಲ ಓದಿ, “ಪುರಾವೆ?” ಅಂದರು.

ದೊಡ್ಡಮ್ಮ ಗೋಣಿಚೀಲದ ತಳಕ್ಕೆ ಕೈ ಹಾಕಿ, ಹನ್ನೊಂದು ವರ್ಷದಿಂದ ಯಾರೂ ಕೇಳದ ಒಂದು ಜೊತೆ ಚಪ್ಪಲಿ ತೆಗೆದಿಟ್ಟಳು. ಬಲಗಾಲಿನ ಪಟ್ಟಿ ಕಿತ್ತು ತಂತಿ ಸುತ್ತಿತ್ತು.

“ಋಷಿಗಳು ರಬ್ಬರ್ ಚಪ್ಪಲಿ ಹಾಕ್ತಿದ್ರಾ?”

“ಜಿಂಕೆ ಚರ್ಮ ಕೂರೋಕೆ ಬೇಕಲ್ಲ ಸಾರ್,” ಅಂದೆ.

ಉತ್ತರ ಸಮಾಧಾನಕರವಾಗಿದೆಯೆಂದು ದಾಖಲಿಸಿ ಪುರಾಣವನ್ನು ಮಂಜೂರು ಮಾಡಲಾಯಿತು. ಷರತ್ತು ಒಂದೇ: ‘ಋಷಿಗಳು ಹಿಂತಿರುಗಿ ಪಾದರಕ್ಷೆ ಪಡೆದಲ್ಲಿ ಪುರಾಣ ಮುಗಿದಿದೆ ಎಂದು ಭಾವಿಸಿ ಮರುದಿನವೇ ಮರ ಕಡಿಯತಕ್ಕದ್ದು.’

ಚಪ್ಪಲಿಗೆ ಗಾಜಿನ ಪೆಟ್ಟಿಗೆ ಬಂತು. ಅದಕ್ಕೆ ಅಡ್ಡಬಿದ್ದರೆ ಮಂಡಿನೋವು ಹೋಗುತ್ತದೆಂದು ಸುದ್ದಿ ಹಬ್ಬಿ, ಮಂಡಿನೋವಿನವರೆಲ್ಲ ಸಾಲು ನಿಂತರು. ದರ್ಶನ ಮುಗಿಸಿದವರು ಮುಂಬಾಗಿಲಿಂದಲೇ ಹೋಗಬೇಕೆಂದು ಬಾಣದ ಗುರುತೂ ಬಂತು.

ನಾಲ್ಕನೇ ತಿಂಗಳು ಒಬ್ಬ ಮುದುಕ ಟೈಲರ್ ಬಂದ. ಕಾಲಲ್ಲಿದ್ದ ಹೊಸ ಚಪ್ಪಲಿ ದೊಡ್ಡಮ್ಮನಿಗೆ ಕೊಟ್ಟು ಬಿಲ್ಲೆ ತಗೊಂಡವನು, ಪೆಟ್ಟಿಗೆ ನೋಡಿ ನಿಂತುಬಿಟ್ಟ.

“ಅಕ್ಕಾ, ಇವು ನನ್ನವು. ತಂತಿ ಸುತ್ತಿದ್ದು ನಾನೇ. ಅವತ್ತು ಮರೆತು ಮುಂಬಾಗಿಲಿಂದ ಹೋಗಿ ಬಸ್ ಹತ್ತಿಬಿಟ್ಟಿದ್ದೆ.”

ಅಧಿಕಾರಿಗಳು ಫೈಲು ಹಿಡಿದು ಓಡಿಬಂದರು.

“ಋಷಿಗಳು ತಾವೇನಾ?”

“ನಾನು ಟೈಲರ್ ಸಾರ್.”

“ಅದು ಕಸುಬು. ನಾನು ಕೇಳಿದ್ದು ಹುದ್ದೆ.”

ದೊಡ್ಡಮ್ಮ ಒಮ್ಮೆ ತಲೆ ಮೇಲಿನ ಕೊಂಬೆ ನೋಡಿದಳು, ಒಮ್ಮೆ ಟೈಲರನನ್ನು. ಆಮೇಲೆ ಕೈ ಚಾಚಿದಳು. “ಬಿಲ್ಲೆ?”

“ಹನ್ನೊಂದು ವರ್ಷ ಆಯ್ತಲ್ಲಕ್ಕ, ಎಲ್ಲೋ ಕಳೆದುಹೋಯ್ತು.”

“ಬಿಲ್ಲೆ ಇಲ್ದೆ ನಾನು ದೇವರಿಗೂ ಚಪ್ಪಲಿ ಕೊಟ್ಟೋಳಲ್ಲ.”

“ನಿಯಮ ಅಂದ್ರೆ ನಿಯಮ,” ಎಂದು ಅಧಿಕಾರಿಗಳು ಫೈಲು ಮುಚ್ಚಿದರು.

ಟೈಲರನಿಗೂ ಅದು ನ್ಯಾಯವಾಗಿಯೇ ಕಂಡಿತು. ಸಾಲಿನ ಕೊನೆಗೆ ಹೋಗಿ ನಿಂತು, ಸರದಿ ಬಂದಾಗ ತನ್ನ ಚಪ್ಪಲಿಗೆ ತಾನೇ ಅಡ್ಡಬಿದ್ದು, ಮಂಡಿನೋವು ವಾಸಿಯಾಗಲೆಂದು ಬೇಡಿಕೊಂಡ. ನಂತರ ಬಾಣದ ಗುರುತಿನಂತೆ ಮುಂಬಾಗಿಲಿಂದ ಹೋಗಿ ಬಸ್ ಹತ್ತಿದ.

ಅವನ ಹೊಸ ಜೊತೆ ದೊಡ್ಡಮ್ಮನ ಚೀಲದಲ್ಲೇ ಇದೆ. ಅದಕ್ಕಾಗಿ ಎಂಟನೆಯ ಮರ ನೆಡಲು ಮೊನ್ನೆ ಕಚೇರಿಯಿಂದ ಆದೇಶ ಬಂದಿದೆ.