ಮೋತಿಯ ಪಥ್ಯದೂಟ

ನಾಚಿಕೆ ಮುಖದಲ್ಲಿ ಕಾಣುತ್ತದೆ ಎನ್ನುತ್ತಾರೆ. ನನ್ನದು ಬಹಳ ವರ್ಷ ಸರಕಾರಿ ಕಚೇರಿಯ ಕುರ್ಚಿಯಲ್ಲಿ ಕುಳಿತು ಹದಗೊಂಡ ಮುಖ. ಅದರಲ್ಲಿ ಸುಲಭಕ್ಕೆ ಏನೂ ಕಾಣುವುದಿಲ್ಲ. ಆದರೆ ಈಚೆಗೆ ಮಾವನವರ ಫೋನು ಬಂದರೆ ಸಾಕು, ಕಿವಿ ಬಿಸಿಯಾಗುತ್ತದೆ.

ನಾರಾಯಣಪುರದ ಕ್ವಾರ್ಟರ್ಸಿನ ನಮ್ಮ ಮನೆಯಲ್ಲಿ ಮೋತಿ ಎಂಬ ನಾಯಿಯಿದೆ. ಅದಕ್ಕೆ ಮೈಯೆಲ್ಲ ತುರಿಕೆ ಹತ್ತಿ ಕೂದಲು ಉದುರತೊಡಗಿದಾಗ ದನದ ಡಾಕ್ಟರು, "ಉಪ್ಪು, ಖಾರ, ಉಳ್ಳಾಗಡ್ಡಿ ಬಂದ್ ಮಾಡ್ರಿ. ಬ್ಯಾರೇನ ಕುದಿಸಿ ಹಾಕ್ರಿ" ಎಂದರು. ಅಂದಿನಿಂದ ನಾನು ಅಡುಗೆಯವನಾದೆ. ಅಕ್ಕಿ, ಹೆಸರುಬೇಳೆ, ಗಜ್ಜರಿ, ಕುಂಬಳಕಾಯಿ ಮೆತ್ತಗೆ ಬೇಯಿಸಿ, ನಾನೇ ರುಚಿ ನೋಡಿ, ಆರಿಸಿ ಬಡಿಸುತ್ತೇನೆ. "ಮನಿ ಮಂದಿಗಿ ಒಂದ್ ಕಪ್ ಚಾ ಮಾಡಾಕ ಬರಲ್ಲ, ನಾಯಿಗಿ ನೋಡು ಕುಂಬಳಕಾಯಿ!" ಎಂದು ಹೆಂಡತಿ ಸುನಂದಾ ಗೊಣಗುವುದನ್ನು ನಾನು ಹೊಗಳಿಕೆಯೆಂದೇ ತಿಳಿದಿದ್ದೆ.

ಒಂದು ಭಾನುವಾರ ಸುರಪುರದಿಂದ ಮಾವನವರು ಬಂದರು. ಬರುತ್ತೇನೆಂದು ಫೋನು ಮಾಡಿದ್ದರಂತೆ. ನಾವಿಬ್ಬರೂ "ಹೂಂ, ಹೂಂ" ಎಂದು ಮರೆತಿದ್ದೆವು. ಸುನಂದಾ ಪಕ್ಕದ ಮನೆಯ ಬಸುರಿಯ ಕುಬಸಕ್ಕೆ ಹೋಗಿದ್ದಳು. ಅವರನ್ನು ಕೂರಿಸಿ ಮೊಸರು ತರಲೆಂದು ನಾನು ಅಂಗಡಿಗೆ ಓಡಿದೆ. ಹಿಂತಿರುಗಿದಾಗ ಅವರು ಅಡುಗೆಮನೆಯಲ್ಲಿ ತಾವೇ ಬಡಿಸಿಕೊಂಡು ಉಣ್ಣುತ್ತಿದ್ದರು. ಕೆಂಪಗೆ ಕುದಿದ ಬದನೆಕಾಯಿ ಪಲ್ಯ ಹಾಗೇ ಇತ್ತು. ಮೋತಿಗೆಂದು ನಾನು ಬೇಯಿಸಿಟ್ಟಿದ್ದ ಪಾತ್ರೆಯ ತಳ ಕಾಣುತ್ತಿತ್ತು.

"ಅಳಿಯಾರ, ಬಿಪಿ ಏರ್ಯಾದ, ಉಪ್ಪು ಖಾರ ಬಿಡು ಅಂದಾರ ಅಂತ ಫೋನಿನ್ಯಾಗ ಹೇಳಿದ್ದೆ. ಮಗಳು ನೆನಪಿಟ್ಟು ಬ್ಯಾರೇನ ಮಾಡ್ಯಾಳ ನೋಡ್ರಿ! ಅಲ್ಲಿ ನಮ್ಮ ಮನ್ಯಾಗ ಒಬ್ರೂ ಕೇಳಲ್ಲ," ಎಂದರು. ಅವರ ಕಣ್ಣು ತುಂಬಿತ್ತು. ನಿಜ ಹೇಳಲು ತೆರೆದ ಬಾಯಿಯನ್ನು ನಾನು ಹಾಗೇ ಮುಚ್ಚಿಕೊಂಡೆ.

ಸುನಂದಾ ಬಂದಳು. ಅಪ್ಪನ ಹೊಗಳಿಕೆ ಕೇಳಿದಳು, ಪಾತ್ರೆ ನೋಡಿದಳು, ಬಾಗಿಲಲ್ಲಿ ಕುಳಿತ ಮೋತಿಯನ್ನು ನೋಡಿದಳು. "ಹೌದಪಾ, ನಿನ್ನ ಸಲುವಾಗೇ..." ಎಂದವಳು ಒಳಕೋಣೆಗೆ ಹೋಗಿಬಿಟ್ಟಳು. ನಗು ತಡೆಯಲಾಗದೆ ಹೋದಳೆಂದುಕೊಂಡು ನಾನೂ ನಗುತ್ತಲೇ ಹಿಂದೆ ಹೋದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

"ನಾಯಿ ಪಥ್ಯ ನೆನಪದ ನಮಗ. ಅಪ್ಪಂದು ಇಲ್ಲ," ಎಂದಳು. ನನ್ನ ನಗು ಎಲ್ಲಿ ಹೋಯಿತೋ ತಿಳಿಯಲಿಲ್ಲ.

ಸಂಜೆ ಬಸ್ಸು ಹತ್ತಿಸಲು ಹೋದಾಗ ಮಾವನವರು ನನ್ನನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿದರು: "ಒಂದ್ ತಪ್ಪು ಆಗ್ಯಾದರಿ. ಮಗಳ ಮುಂದ ಹೇಳಬ್ಯಾಡ್ರಿ, ನೊಂದ್ಕೊಂತಾಳ. ನನಗಂತ ಮಾಡಿದ್ದ ಊಟದಾಗ ಎರಡು ತುತ್ತು ನಿಮ್ಮ ನಾಯಿಗಿ ಹಾಕಿದೆ. ಪಾಪ, ಬಾಯಿ ನೋಡಾಕತ್ತಿತ್ತು."

ನಾನೇನು ಮಾಡಿದೆ ಗೊತ್ತೇ? "ಇರ್ಲಿ ಬಿಡ್ರಿ ಮಾವಾರ, ಹೇಳಂಗಿಲ್ಲ" ಎಂದು ದೊಡ್ಡ ಮನಸ್ಸು ಮಾಡಿ ಅವರನ್ನು ಕ್ಷಮಿಸಿದೆ.