ಚಿರತಾರುಣ್ಯ ಲೇಪನದ ಮಾಲೀಕರಿಗೆ ನನ್ನ ಎರಡು ಕೈಗಳ ವಂದನೆ

ಹೊಳೆನರಸೀಪುರ,
ಜೂನ್ ೧೯೩೮

ಮಹಾರಾಜರಾಜಶ್ರೀ ಚಿರತಾರುಣ್ಯ ಲೇಪನ ಕಾರ್ಖಾನೆಯ ಮಾಲೀಕರ ಸನ್ನಿಧಾನಕ್ಕೆ,

ಮಾನ್ಯರೇ,

ಈ ಊರಿನ ಸೂಲಗಿತ್ತಿ ಬಸವಲಿಂಗಮ್ಮ ಕತ್ತು ಬಗ್ಗಿಸಿ ಮಾಡುವ ವಂದನೆಗಳು. ಕೈ ಜೋಡಿಸಿಯೇ ನಮಸ್ಕರಿಸಬೇಕೆಂದಿದ್ದೆ. ಜೋಡಿಸಿದರೆ ಇನ್ನೂ ಉರಿಯುವುದರಿಂದ ಆ ಮರ್ಯಾದೆಯನ್ನು ಸದ್ಯಕ್ಕೆ ಬಾಕಿ ಇಟ್ಟುಕೊಂಡಿದ್ದೇನೆ. ತಮ್ಮ ಜಾಹೀರಾತು ಬರುವ ಪುಟದಲ್ಲೇ ಈ ಪತ್ರವೂ ಅಚ್ಚಾಗಲೆಂದು ಪತ್ರಿಕೆಯವರನ್ನು ಬೇಡಿಕೊಂಡಿದ್ದೇನೆ, ಏಕೆಂದರೆ ತಮ್ಮಂಥವರ ಕೀರ್ತಿಯನ್ನು ಒಬ್ಬಳೇ ಅನುಭವಿಸುವಷ್ಟು ಸ್ವಾರ್ಥಿ ನಾನಲ್ಲ.

ಹಾಸನದ ಆಸ್ಪತ್ರೆಯಲ್ಲಿ ಕೆಲಸ ಕಲಿತು ಇಪ್ಪತ್ತೆಂಟು ವರ್ಷಗಳಿಂದ ಈ ಸುತ್ತಿನ ಹಳ್ಳಿಗಳಲ್ಲಿ ಹೆರಿಗೆ ಮಾಡಿಸುತ್ತಿದ್ದೇನೆ. ಅಷ್ಟು ವರ್ಷವೂ ನನ್ನ ಕೈಗಳನ್ನು ನಾನು ನೋಡಿಕೊಂಡವಳಲ್ಲ. ಈ ಬೇಸಿಗೆಯಲ್ಲಿ ಹಳೇಕೋಟೆಯ ಲಕ್ಕಣ್ಣನ ಮನೆಗೆ ಹೋಗಿದ್ದೆ; ಅವನ ಹೆಂಡತಿ ವಿಜಯಮ್ಮನಿಗೆ ಎಂಟು ತಿಂಗಳು ತುಂಬುತ್ತಿತ್ತು. ಹೊಟ್ಟೆ ಮುಟ್ಟಿ ನೋಡಲು ಸೆರಗು ಸರಿಸಿ ಕೈ ಚಾಚಿದಾಗ ಲಕ್ಕಣ್ಣನ ತಾಯಿ ಅಣ್ಣಮ್ಮ ನನ್ನ ಮುಂಗೈಯನ್ನೇ ದಿಟ್ಟಿಸಿದರು. ಕಾದ ಹಾಲಿನ ಮೇಲೆ ಕೆನೆ ಸುಕ್ಕುಗಟ್ಟಿದಂತೆ ಚರ್ಮ ತೆಳ್ಳಗೆ ಮಡಿಚಿಕೊಂಡಿತ್ತು.

"ಇದೇನವ್ವಾ, ಕೈಯೆಲ್ಲಾ ಇಂಗೆ ಜೋತ್ಬಿದ್ದದೆ! ಮಗಾ ಜಾರುದ್ರೆ ಏನ್ ಗತಿ? ಮೊದಲ್ನೇದು ಓದ ವರ್ಸ ಓಗ್ಬುಡ್ತು. ಈ ಸಲ ಅರಕಲಗೂಡಿನ ಹೊಸ ನರ್ಸಮ್ಮನ್ನೇ ಕರುಸ್ತೀವಿ, ಬೇಜಾರ್ ಮಾಡ್ಕಬೇಡ."

ಬೇಜಾರು ಮಾಡಿಕೊಳ್ಳಲಿಲ್ಲವೆಂದು ಹೇಳಿ ಬಂದೆ. ಮನೆಗೆ ಬಂದು ಕಿಟಕಿಯ ಬೆಳಕಿನಲ್ಲಿ ಬಹಳ ಹೊತ್ತು ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿದೆ.

ಆ ವಾರದ ಬಾಗೂರು ಸಂತೆಯಲ್ಲಿ ತಮ್ಮ ಏಜೆಂಟರಾದ ಪಾಲಾಕ್ಷ ಎಂಬ ಮಹನೀಯರು ಎರಡು ಕೈಗಳ ಚಿತ್ರ ನೇತುಹಾಕಿಕೊಂಡು ನಿಂತಿದ್ದರು. ಒಂದು ಕೈ ನನ್ನದರಂತಿತ್ತು, ಇನ್ನೊಂದು ನನ್ನ ಮೊಮ್ಮಗಳದರಂತೆ. "ಏಳೇ ದಿನ ಅಮ್ಮಾವ್ರೇ! ಸುಕ್ಕು ಅನ್ನೋ ಪದಾನೇ ಮರ್ತೋಯ್ತೀರಿ," ಎಂದರು. ಮೂರು ಡಬ್ಬಿ ಕೊಂಡೆ. ಉರಿದೀತೇ ಎಂದು ಕೇಳಿದ್ದಕ್ಕೆ, "ಉರೀಬೇಕು! ಅಳೇ ಚರ್ಮ ಸುಮ್ಕೆ ಓಯ್ತದಾ?" ಎಂದರು. ಇಪ್ಪತ್ತೆಂಟು ವರ್ಷ ಆಸ್ಪತ್ರೆಯ ಬುದ್ಧಿ ಹೇಳಿಕೊಂಡು ತಿರುಗಿದ ನಾನು ಈ ಶಾಸ್ತ್ರಕ್ಕೆ ತಲೆದೂಗಿದೆನೆಂದರೆ, ಅದರ ಶ್ರೇಯಸ್ಸು ಪೂರ್ತಿ ತಮಗೂ ಅಣ್ಣಮ್ಮನವರಿಗೂ ಸಲ್ಲತಕ್ಕದ್ದು.

ಮೊದಲ ದಿನ ಚುರುಗುಟ್ಟಿತು. ಮೂರನೆಯ ದಿನ ಕೆಂಪೇರಿತು. ಆರನೆಯ ದಿನ ಬೊಬ್ಬೆಗಳೆದ್ದು, ಏಳನೆಯ ದಿನ ಮೊಣಕೈಯಿಂದ ಬೆರಳ ತುದಿಯವರೆಗೆ ಊದಿಕೊಂಡಿತು. ಇಲ್ಲಿ ತಮ್ಮ ಪ್ರಾಮಾಣಿಕತೆಯನ್ನು ನಾನು ಬಹಿರಂಗವಾಗಿ ಒಪ್ಪಿಕೊಳ್ಳಲೇಬೇಕು: ಮಾತು ಕೊಟ್ಟಂತೆ ಸರಿಯಾಗಿ ಏಳನೆಯ ದಿನಕ್ಕೆ ಒಂದು ಸುಕ್ಕೂ ಉಳಿದಿರಲಿಲ್ಲ. ಅಷ್ಟು ಊದಿದ ಕೈಯಲ್ಲಿ ಸುಕ್ಕಿಗೆ ಜಾಗವಾದರೂ ಎಲ್ಲಿ?

ಎಂಟನೆಯ ದಿನ ಮಧ್ಯಾಹ್ನ ಲಕ್ಕಣ್ಣ ಗಾಡಿ ಹೊಡೆದುಕೊಂಡು ಬಂದ. ವಿಜಯಮ್ಮನಿಗೆ ದಿನಕ್ಕೆ ಮೊದಲೇ ನೋವು ಬಂದಿತ್ತು. ಅರಕಲಗೂಡಿನ ನರ್ಸಮ್ಮ ಬೇರೆ ಹಳ್ಳಿಗೆ ಹೋಗಿದ್ದರು. ನನ್ನ ಕೈಗೆ ಸುತ್ತಿದ ಬಟ್ಟೆ ನೋಡಿ ಅವನ ಮುಖ ಬಿಳುಚಿಕೊಂಡಿತು. "ಕೈ ಇಲ್ದಿದ್ರೂ ಬನ್ನಿ ಅವ್ವಾ, ನೀವು ಪಕ್ಕದಾಗಿರಿ ಸಾಕು," ಎಂದ.

ಹೋದೆ. ಮಗುವಿನ ಪಾದ ಮೊದಲು ಕಂಡಿತ್ತು. ಬೊಬ್ಬೆಯೊಡೆದು ಕೀವಾಡುವ ಕೈಯಲ್ಲಿ ಹೆರುವವಳನ್ನು ಮುಟ್ಟಿದರೆ ನಂಜಾಗುತ್ತದೆ. ಮುಟ್ಟದಿದ್ದರೆ ಮಗು ಉಳಿಯುವುದಿಲ್ಲ. ಮಾನ್ಯರೇ, ನನ್ನ ಜನ್ಮದಲ್ಲಿ ಅಷ್ಟು ಹೆದರಿದ್ದಿಲ್ಲ. ವಿಜಯಮ್ಮನನ್ನು ಬಿಟ್ಟರೆ ಕೋಣೆಯಲ್ಲಿ ಇನ್ನೊಬ್ಬರೇ ಇದ್ದರು.

"ಅಣ್ಣಮ್ಮಾ, ಕೈಗೆ ಸೋಪ್ ಆಕಿ ಮೊಣಕೈಗಂಟ ತೊಳ್ಕಳಿ. ನಾನ್ ಏಳ್ದಂಗೆ ನೀವ್ ಮಾಡಿ."

"ಅಯ್ಯೋ, ನನ್ ಕೈಯಾ? ಅರವತ್ತೈದಾಯ್ತು ಕಣವ್ವಾ, ನಡುಗ್ತದೆ!"

"ನಡುಗ್ಲಿ. ಎಳೀಬೇಡಿ ಅಷ್ಟೇ. ಅದು ತಾನೇ ಬತ್ತದೆ."

ಅವರ ಕೈಗಳ ಚರ್ಮ ನನ್ನದಕ್ಕಿಂತಲೂ ಜೋತಿತ್ತು. ಆ ಕೈಗಳು ಸೊಂಟದವರೆಗೆ ಬಂದ ಕೂಸನ್ನು ಬಟ್ಟೆಯಲ್ಲಿ ಸುತ್ತಿ ಹಿಡಿದವು, ನಾನು ಹೇಳಿದಾಗ ಕಾದವು, ಹೇಳಿದಾಗ ಒಂದೊಂದೇ ತೋಳು ಬಿಡಿಸಿದವು, ಹೇಳಿದಾಗ ಮೆಲ್ಲಗೆ ಮೇಲೆತ್ತಿದವು. ಕೊನೆಗೆ ತಲೆ ಹೊರಬಂತು. ಕೂಸು ನೀಲಿಗಟ್ಟಿತ್ತು. ಅಣ್ಣಮ್ಮ ಅದರ ಬೆನ್ನು ಉಜ್ಜಿದರು, ಉಜ್ಜುತ್ತಲೇ ಇದ್ದರು. ಆಮೇಲೆ ಅದು ಊರಿಗೆಲ್ಲ ಕೇಳುವಂತೆ ಅತ್ತಿತು. ಹೆಣ್ಣು ಮಗು.

ಅಣ್ಣಮ್ಮ ಕೂಸನ್ನು ತಾಯಿಯ ಪಕ್ಕ ಮಲಗಿಸಿ, ಗೋಡೆಗೊರಗಿ ಕೂತು, ತಮ್ಮ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ನೋಡಿದರು. ಬಳಿಕ ನನ್ನ ಕೈಗೆ ಸುತ್ತಿದ ಬಟ್ಟೆ ಬಿಚ್ಚಿ, ಬೊಬ್ಬೆ ಕಂಡು, "ನನ್ ಮಾತಿಗೆ ಇಂಗ್ ಮಾಡ್ಕಂಡ್ಯಾ ತಾಯಿ?" ಎಂದು ಅತ್ತರು. ನಾನು ಅಲ್ಲವೆಂದು ಸುಳ್ಳು ಹೇಳಿದೆ.

ಮರುದಿನ ಅವರೇ ಗಾಡಿಯಲ್ಲಿ ಜೊತೆ ಕೂತು ನನ್ನನ್ನು ಹಾಸನದ ಡಾಕ್ಟರ್ ಚನ್ನಬಸವಯ್ಯನವರಲ್ಲಿಗೆ ಕರೆದೊಯ್ದರು. ಡಬ್ಬಿಯನ್ನು ಮೂಸಿ ನೋಡಿ ದೂರ ಇಟ್ಟ ಡಾಕ್ಟರು ಹೇಳಿದ್ದಿಷ್ಟು: ವಯಸ್ಸಾದಂತೆ ಚರ್ಮ ತೆಳುವಾಗುತ್ತದೆ, ಅದರ ಬಿಗಿ ಸಡಿಲುತ್ತದೆ, ಬಿಸಿಲೂ ಕ್ಷಾರದ ಸೋಪೂ ಆ ಕೆಲಸವನ್ನು ಬೇಗ ಮುಗಿಸುತ್ತವೆ. ಬಿಸಿಲಿಗೆ ಸೆರಗು ಹೊದೆಯಿರಿ, ಕೈ ತೊಳೆದ ಮೇಲೆ ಕೊಬ್ಬರಿ ಎಣ್ಣೆ ಸವರಿ, ಒಣಗಿ ಬಿರಿಯುವುದು ನಿಲ್ಲುತ್ತದೆ. "ಸುಕ್ಕು ಹೋಗುತ್ತದೆಯೇ?" ಎಂದು ಕೇಳಿದೆ. "ಇಲ್ಲ," ಎಂದರು. ಹೀಗೆ ಒಂದೇ ಮಾತಿನಲ್ಲಿ ನಿಜ ಹೇಳಿಬಿಟ್ಟರೆ ವ್ಯಾಪಾರ ನಡೆಯುವುದು ಹೇಗೆ? ಅವರಿಗೆ ತಾವು ಸ್ವಲ್ಪ ತರಬೇತಿ ಕೊಡಬೇಕೆಂದು ಕೋರುತ್ತೇನೆ.

ಈಗ ಊತ ಇಳಿದಿದೆ. ಸುಕ್ಕುಗಳೆಲ್ಲ ಒಂದೂ ತಪ್ಪದೆ ಹಿಂತಿರುಗಿವೆ. ಇಷ್ಟು ನಿಷ್ಠೆಯುಳ್ಳ ನೆಂಟರು ನನಗೆ ಬೇರೆ ಯಾರೂ ಇಲ್ಲ. ತಾವು ದಯಮಾಡಿ ಶಾಂತಿಗ್ರಾಮದ ಬಸ್ಸು ನಿಲ್ಲುವ ಕಡೆ ಹಾಡಹಗಲಿನಲ್ಲಿ ಏಳು ದಿನ ಕೂತು, ಜನರೆದುರು ತಮ್ಮ ಕೆನ್ನೆಗೆ ಈ ಲೇಪನ ಬಳಿದುಕೊಳ್ಳಬೇಕು. ಹಾಗೆಯೇ ಡಬ್ಬಿಯ ಮೇಲೆ "ಕೂಸು ಎತ್ತುವವರು, ಅನ್ನ ಕಲಸುವವರು, ಕೈಯಿಂದ ಬೇರೆ ಏನಾದರೂ ಉಪಯೋಗವಿರುವವರು ಹಚ್ಚಬಾರದು" ಎಂದು ಅಚ್ಚು ಹಾಕಿಸಬೇಕು. ಉಳಿದ ಭಾಗ್ಯವಂತರು ಧಾರಾಳವಾಗಿ ಹಚ್ಚಿಕೊಳ್ಳಲಿ.

ಹದಿನೈದು ದಿನ ಚಮಚವನ್ನೂ ಹಿಡಿಯಲಾಗದೆ ಸೊಸೆಯ ಕೈತುತ್ತು ಉಂಡ,
ತಮ್ಮ ವಿಶ್ವಾಸಿ,
ಬಸವಲಿಂಗಮ್ಮ

ಮರೆತಿದ್ದು: ಪತ್ರ ಮಡಿಚುವಷ್ಟರಲ್ಲಿ ಮೂರು ಡಬ್ಬಿ ಕೊಂಡವರಿಗೆಂದು ಪಾಲಾಕ್ಷರು ವಿಳಾಸ ಬರೆದುಕೊಂಡಿದ್ದ ತಮ್ಮ ಕಾರ್ಖಾನೆಯ ಕ್ಯಾಲೆಂಡರ್ ಅಂಚೆಯಲ್ಲಿ ಬಂತು. ಅದರಲ್ಲಿ ತಮ್ಮದೇ ಭಾವಚಿತ್ರವಿರುವುದನ್ನು ಕಂಡು ಧನ್ಯಳಾದೆ. ಹಣೆಯ ಮೇಲೆ ಆರು ಗೆರೆ, ಗಲ್ಲದ ಕೆಳಗೆ ಮೂರು ಮಡಿಕೆ ಎಣಿಸಿದೆ. ಇಷ್ಟು ದೊಡ್ಡ ಕಾರ್ಖಾನೆ ಇಟ್ಟುಕೊಂಡೂ ತಮ್ಮ ಮನೆಗೆ ಮಾತ್ರ ಒಂದು ಡಬ್ಬಿ ತಲುಪಿಲ್ಲವಲ್ಲ ಎಂದು, ನನ್ನನ್ನು ನೋಡಲು ಬಂದಿದ್ದ ಅಣ್ಣಮ್ಮನವರು ಬಹಳ ನೊಂದುಕೊಂಡರು.